ಕಂಪ್ಯೂಟರ್ ಚಾಲೂ ಆಗದಿದ್ದಾಗ: ದೋಷ ಪತ್ತೆ ಮಾಡುವ ಕ್ರಮ

ಒಂದು ಕಾಲದಲ್ಲಿ ಪಟ್ಟಣದ ಕಚೇರಿಗಳಿಗಷ್ಟೇ ಮೀಸಲಾಗಿದ್ದ ಕಂಪ್ಯೂಟರ್ ಇಂದು ಹಳ್ಳಿಯ ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಹಕಾರ ಸಂಘ, ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿ ಹಾಗೂ ಅನೇಕ ರೈತರ ಮನೆಗಳಲ್ಲಿಯೂ ಕಂಡುಬರುತ್ತದೆ. ನಮ್ಮ ರಾಜ್ಯದಲ್ಲಿ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ನೀಡಿತು. ಹೀಗಾಗಿ ಸದಸ್ಯರ ಹಾಲಿನ ಲೆಕ್ಕ, ಸಾಲದ ಬಾಕಿ, ಗೊಬ್ಬರದ ದಾಸ್ತಾನು ಇವೆಲ್ಲವೂ ಮೇಜಿನ ಮೇಲಿನ ಒಂದು ಪೆಟ್ಟಿಗೆಯೊಳಗೆ ಸೇರಿಕೊಂಡಿವೆ.

ಇಂತಹ ಯಂತ್ರ ಬಟವಾಡೆಯ ದಿನವೇ ಚಾಲೂ ಆಗದೆ ನಿಂತರೆ ಕಾರ್ಯದರ್ಶಿಗೆ ದಿಕ್ಕು ತೋಚುವುದಿಲ್ಲ. ಪಟ್ಟಣದಿಂದ ರಿಪೇರಿಯವರು ಬರಲು ಎರಡು ಮೂರು ದಿನ ಬೇಕು. ಆದರೆ ಚಾಲೂ ಆಗದ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ದೊಡ್ಡ ರೋಗವೇನೂ ಇರುವುದಿಲ್ಲ. ಸಡಿಲಗೊಂಡ ವಯರು, ಸತ್ತುಹೋದ ಯು.ಪಿ.ಎಸ್. ಬ್ಯಾಟರಿ, ಧೂಳು ಕುಳಿತ ರ‍್ಯಾಮ್ ಪಟ್ಟಿ, ತೆಗೆಯಲು ಮರೆತ ಪೆನ್ ಡ್ರೈವ್ ಇಂತಹ ಸಣ್ಣ ಕಾರಣಗಳೇ ಹೆಚ್ಚು. ಕ್ರಮವಾಗಿ ಪರೀಕ್ಷಿಸುವುದನ್ನು ತಿಳಿದವರು ಇವನ್ನು ತಾವೇ ಸರಿಪಡಿಸಿಕೊಳ್ಳಬಹುದು.

ಪಂಪ್‌ಸೆಟ್ ನೀರೆತ್ತದಿದ್ದಾಗ ಅನುಭವಿ ರೈತರು ಏನು ಮಾಡುತ್ತಾರೆ? ಮೊದಲು ಮೂರು ಫೇಸ್ ಬಂದಿದೆಯೇ ಎಂದು ನೋಡುತ್ತಾರೆ. ಬಳಿಕ ಫ್ಯೂಸು, ಆಮೇಲೆ ಸ್ಟಾರ್ಟರು, ಆನಂತರ ಮೋಟಾರು, ಕೊನೆಗೆ ಫುಟ್‌ವಾಲ್ವು. ಮೊದಲೇ ಬಾವಿಯಿಂದ ಪಂಪು ಎತ್ತಿಸುವವರು ಯಾರೂ ಇಲ್ಲ. ಕಂಪ್ಯೂಟರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಗೋಡೆಯ ಪ್ಲಗ್ಗಿನಿಂದ ಆರಂಭಿಸಿ ಒಳಕ್ಕೆ ಹೋಗಬೇಕೇ ಹೊರತು ಒಳಗಿನಿಂದ ಹೊರಕ್ಕೆ ಬರಬಾರದು.

ಒಂದು ಪ್ರಸಂಗ

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾವು ಕಣ್ಣಾರೆ ಕಂಡ ಒಂದು ಉದಾಹರಣೆ ಸಾಕು. ಒಂದು ಹಾಲು ಉತ್ಪಾದಕರ ಸಂಘದ ಕಂಪ್ಯೂಟರ್ ಒಮ್ಮೆ ಚಾಲೂ ಆದರೆ ಮತ್ತೊಮ್ಮೆ ಆಗುತ್ತಿರಲಿಲ್ಲ. ಬಟವಾಡೆಗೆ ಎರಡು ದಿನ ಇರುವಾಗ ಪೂರ್ತಿ ನಿಂತೇ ಹೋಯಿತು. ರಿಪೇರಿಗೆ ಬಂದ ಹುಡುಗ ವಿಂಡೋಸ್ ಕೆಟ್ಟಿದೆ ಎಂದು ಹೇಳಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ಹೋದ. ಅಂದು ಯಂತ್ರ ನಡೆಯಿತು. ಆದರೆ ಎರಡು ವರ್ಷದ ಲೆಕ್ಕವೆಲ್ಲ ಅಳಿಸಿಹೋಗಿತ್ತು. ಬೇರೆ ಪ್ರತಿ ಇರಲಿಲ್ಲ. ನಾಲ್ಕನೆಯ ದಿನ ಯಂತ್ರ ಮತ್ತೆ ನಿಂತಿತು. ಆಗ ಪೆಟ್ಟಿಗೆ ತೆರೆದು ನೋಡಿದರೆ ಡಿಸ್ಕಿಗೆ ಹೋಗುವ ತೆಳು ಕೇಬಲನ್ನು ಇಲಿ ಅರ್ಧ ಕಡಿದಿತ್ತು. ಆ ಕೇಬಲ್ ಬದಲಾಯಿಸಿದ ಮೇಲೆ ತೊಂದರೆ ಕಾಣಿಸಲಿಲ್ಲ.

ಅಗ್ಗದ ಒಂದು ಕೇಬಲಿಗಾಗಿ ಸಂಘ ತನ್ನ ಲೆಕ್ಕವನ್ನೇ ಕಳೆದುಕೊಂಡಿತು. ಸದಸ್ಯರು ಮನೆಯಲ್ಲಿ ಇಟ್ಟುಕೊಂಡಿದ್ದ ಹಾಲಿನ ಚೀಟಿಗಳನ್ನು ತರಿಸಿ, ರಾತ್ರಿ ಕುಳಿತು ಮತ್ತೆ ಬರೆಯಬೇಕಾಯಿತು. ಚೀಟಿ ಇಟ್ಟುಕೊಳ್ಳದವರ ಹಣಕ್ಕೆ ತಕರಾರು ಉಳಿಯಿತು. ಆದ್ದರಿಂದ ಎರಡು ಮಾತನ್ನು ಆರಂಭದಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು. ಯಂತ್ರ ಯಾವ ಘಟ್ಟದಲ್ಲಿ ನಿಂತಿದೆ ಎಂದು ತಿಳಿಯದೆ ಚಿಕಿತ್ಸೆ ಮಾಡಬಾರದು. ಯಂತ್ರಕ್ಕಿಂತ ಅದರೊಳಗಿನ ಲೆಕ್ಕ ಹೆಚ್ಚು ಬೆಲೆಯುಳ್ಳದ್ದು.

ಚಾಲೂ ಆಗುವ ನಾಲ್ಕು ಘಟ್ಟಗಳು

ಸ್ವಿಚ್ಚು ಒತ್ತಿದ ಮೇಲೆ ಕಂಪ್ಯೂಟರಿನಲ್ಲಿ ಈ ಕೆಳಕಂಡ ಕೆಲಸಗಳು ಒಂದರ ನಂತರ ಒಂದು ನಡೆಯುತ್ತವೆ.

1. ಗೋಡೆಯಿಂದ ಬಂದ 230 ವೋಲ್ಟ್ ವಿದ್ಯುತ್ತನ್ನು ಪೆಟ್ಟಿಗೆಯೊಳಗಿನ ಎಸ್.ಎಂ.ಪಿ.ಎಸ್. ಎಂಬ ಭಾಗವು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಾಯಿಸಿ ಹಂಚುತ್ತದೆ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ.

2. ಮದರ್‌ಬೋರ್ಡಿನ ಮೇಲಿರುವ ಬಯಾಸ್ ಎಂಬ ಚಿಕ್ಕ ಕಾರ್ಯಕ್ರಮ ಎಚ್ಚೆತ್ತು ಪ್ರೊಸೆಸರ್, ರ‍್ಯಾಮ್, ಪರದೆ, ಕೀಲಿಮಣೆ ಇವನ್ನು ಪರೀಕ್ಷಿಸುತ್ತದೆ. ಪರದೆಯ ಮೇಲೆ ತಯಾರಕರ ಗುರುತು ಮೂಡುತ್ತದೆ.

3. ಬಯಾಸ್ ವಿಂಡೋಸ್ ಎಲ್ಲಿದೆ ಎಂದು ಡಿಸ್ಕನ್ನು ಹುಡುಕುತ್ತದೆ.

4. ಡಿಸ್ಕಿನಿಂದ ವಿಂಡೋಸ್ ಓದಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ.

ಯಂತ್ರ ಇವುಗಳಲ್ಲಿ ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ಗಮನಿಸುವುದೇ ಅರ್ಧ ಚಿಕಿತ್ಸೆ. ಫ್ಯಾನೇ ತಿರುಗದಿದ್ದರೆ ವಿಂಡೋಸನ್ನು ದೂರುವುದರಲ್ಲಿ ಅರ್ಥವಿಲ್ಲ. ವಿಂಡೋಸಿನ ಗುರುತು ಬಂದ ಮೇಲೆ ನಿಂತರೆ ಗೋಡೆಯ ಪ್ಲಗ್ಗನ್ನು ಅನುಮಾನಿಸಬೇಕಾಗಿಲ್ಲ. ಪರದೆಯ ಮೇಲೆ ಬಂದ ಸೂಚನೆಯನ್ನು ಕಾಗದದಲ್ಲಿ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ.

ವಹಿಸಬೇಕಾದ ಎಚ್ಚರಿಕೆ

ಗ್ಯಾರಂಟಿ ಅವಧಿಯಲ್ಲಿರುವ ಅಥವಾ ಯೋಜನೆಯಡಿ ಸರಬರಾಜಾದ ಯಂತ್ರದ ಪೆಟ್ಟಿಗೆಯನ್ನು ತೆರೆಯಬಾರದು. ಹೊರಗಿನ ಪರೀಕ್ಷೆ ಮುಗಿಸಿ ಸಂಬಂಧಪಟ್ಟವರಿಗೆ ತಿಳಿಸಬೇಕು. ಇತರ ಯಂತ್ರಗಳಲ್ಲಿ ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮುಂಭಾಗದ ಸ್ವಿಚ್ಚನ್ನು 20 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗಿನ ಭಾಗ ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಇಳಿದುಹೋಗುತ್ತದೆ. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಿರಿ. ಒಟ್ಟಿಗೆ ನಾಲ್ಕು ಕಡೆ ಕೈ ಹಾಕಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಹೊಸ ದೋಷ ಬಂತು ಎಂಬುದು ತಿಳಿಯುವುದಿಲ್ಲ.

ಮೊದಲನೆಯ ಘಟ್ಟ: ದೀಪವಿಲ್ಲ, ಫ್ಯಾನು ತಿರುಗುವುದಿಲ್ಲ

ಮೊದಲು ಅದೇ ಗೋಡೆಯ ಸಾಕೆಟ್ಟಿಗೆ ಮೇಜಿನ ಫ್ಯಾನನ್ನೋ ಮೊಬೈಲ್ ಚಾರ್ಜರನ್ನೋ ಸಿಕ್ಕಿಸಿ ವಿದ್ಯುತ್ತು ಇದೆಯೇ ಎಂದು ನೋಡಬೇಕು. ಬಳಿಕ ಯು.ಪಿ.ಎಸ್. ಕಡೆಗೆ ಗಮನ ಹರಿಸಬೇಕು. ಸಣ್ಣ ಯು.ಪಿ.ಎಸ್.ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ. ಪದೇ ಪದೇ ಕರೆಂಟು ಹೋಗುವ ಹಳ್ಳಿಗಳಲ್ಲಿ ಇದು ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಬ್ಯಾಟರಿ ಸತ್ತ ಯು.ಪಿ.ಎಸ್. ಕೆಲವೊಮ್ಮೆ ಕರೆಂಟು ಇದ್ದಾಗಲೂ ಹತ್ತುವುದಿಲ್ಲ. ಕಂಪ್ಯೂಟರಿನ ಪ್ಲಗ್ಗನ್ನು ಒಮ್ಮೆ ನೇರವಾಗಿ ಗೋಡೆಗೆ ಕೊಟ್ಟು ನೋಡಿರಿ. ಚಾಲೂ ಆದರೆ ದೋಷ ಯು.ಪಿ.ಎಸ್.ನದು, ಕಂಪ್ಯೂಟರಿನದಲ್ಲ.

ಪೆಟ್ಟಿಗೆಯ ಹಿಂಭಾಗದಲ್ಲಿ ವಯರು ಸೇರುವ ಜಾಗದ ಪಕ್ಕ ಅನೇಕ ಯಂತ್ರಗಳಲ್ಲಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಕಸ ಗುಡಿಸುವಾಗ ಅದು ಆರಿಹೋಗಿರಬಹುದು. ವಯರನ್ನು ಗಟ್ಟಿಯಾಗಿ ಒತ್ತಿ ಕೂರಿಸಬೇಕು. ಪರದೆಯದೋ ಪ್ರಿಂಟರಿನದೋ ಅದೇ ಬಗೆಯ ವಯರು ಇದ್ದರೆ ಅದನ್ನು ಬದಲಿಗೆ ಹಾಕಿ ನೋಡಬಹುದು.

ಇಷ್ಟಕ್ಕೂ ಜಗ್ಗದಿದ್ದರೆ ಪ್ಲಗ್ಗು ಕಿತ್ತು, ಸ್ವಿಚ್ಚನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಪ್ಲಗ್ಗು ಸಿಕ್ಕಿಸಿ ಒತ್ತಿರಿ. ವೋಲ್ಟೇಜು ಏರಿಳಿತವಾದಾಗ ಕೆಲವು ಎಸ್.ಎಂ.ಪಿ.ಎಸ್.ಗಳು ತಮ್ಮನ್ನು ರಕ್ಷಿಸಿಕೊಳ್ಳಲು ಬಂದ್ ಆಗಿ ಕುಳಿತಿರುತ್ತವೆ. ಈ ಕ್ರಮದಿಂದ ಅವು ಮರಳಿ ಏಳುತ್ತವೆ. ಸುಟ್ಟ ವಾಸನೆ ಬಂದರೆ ಅಥವಾ ಸ್ವಿಚ್ಚು ಹಾಕಿದೊಡನೆ ಮನೆಯ ಎಂ.ಸಿ.ಬಿ. ಬಿದ್ದರೆ ಮತ್ತೆ ಪ್ರಯತ್ನಿಸಬಾರದು. ಎಸ್.ಎಂ.ಪಿ.ಎಸ್. ಬದಲಾಯಿಸಬೇಕಾಗುತ್ತದೆ. ಹಲ್ಲಿ ಒಳಹೊಕ್ಕು ಸತ್ತು ಈ ಭಾಗ ಸುಡುವುದೂ ಉಂಟು.

ಎರಡನೆಯ ಘಟ್ಟ: ಫ್ಯಾನು ತಿರುಗುತ್ತದೆ, ಪರದೆ ಕಪ್ಪು

ಪರದೆಯ ದೀಪ ಹತ್ತಿದೆಯೇ ಎಂದು ನೋಡಿರಿ. 'ನೋ ಸಿಗ್ನಲ್' ಎಂದು ಬಂದರೆ ಪರದೆ ಚೆನ್ನಾಗಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಎಂದರ್ಥ. ಪರದೆಯ ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತು ಮತ್ತೆ ಕೂರಿಸಬೇಕು. ನೀಲಿ ಬಣ್ಣದ ಹಳೆಯ ಕೇಬಲಿನ 15 ಸೂಜಿಗಳಲ್ಲಿ ಯಾವುದಾದರೂ ಬಾಗಿದೆಯೇ ಎಂಬುದನ್ನೂ ನೋಡಬೇಕು.

ಕೇಬಲ್ ಸರಿ ಇದ್ದರೆ ರ‍್ಯಾಮ್ ಪಟ್ಟಿಯನ್ನು ಪರೀಕ್ಷಿಸಬೇಕು. ಗಿರಣಿ, ಪಶು ಆಹಾರದ ಗೋದಾಮು, ರಸ್ತೆ ಬದಿಯ ಕಟ್ಟಡ ಇಂತಹ ಕಡೆ ಧೂಳು ಹೆಚ್ಚು. ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿಗೆ ಧೂಳು, ತೇವ ಕುಳಿತು ಸಂಪರ್ಕ ತಪ್ಪುವುದು ಸರ್ವೇಸಾಮಾನ್ಯ. ಇದಕ್ಕೆ ಮಾಡಬೇಕಾದುದು ಇಷ್ಟೇ. ಮೇಲೆ ಹೇಳಿದಂತೆ ಪ್ಲಗ್ಗು ಕಿತ್ತು, ಪಟ್ಟಿಯ ತುದಿಗಳ ಹಿಡಿಕೆಗಳನ್ನು ಹೊರಕ್ಕೆ ಬಾಗಿಸಿ ಪಟ್ಟಿಯನ್ನು ನೆಟ್ಟಗೆ ಮೇಲಕ್ಕೆ ಎತ್ತಿರಿ. ಚಿನ್ನದ ಅಂಚನ್ನು ಶಾಲಾ ಮಕ್ಕಳು ಬಳಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿರಿ. ಪಟ್ಟಿಯ ಕೆಳಗಿನ ಕಚ್ಚು ಹಾಗೂ ಗಾಡಿಯ ಗುರುತು ಹೊಂದುವಂತೆ ಇಟ್ಟು, 'ಟಕ್' ಎಂದು ಹಿಡಿಕೆ ಕೂರುವವರೆಗೆ ಎರಡೂ ಬದಿ ಸಮನಾಗಿ ಒತ್ತಿರಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ಯಾವುದು ಕೆಟ್ಟಿದೆ ಎಂಬುದು ತಿಳಿಯುತ್ತದೆ.

ಕೆಲವು ಯಂತ್ರಗಳು 'ಬೀಪ್' ಶಬ್ದ ಮಾಡಿ ದೋಷವನ್ನು ತಿಳಿಸುತ್ತವೆ. ಒಂದು ಸಣ್ಣ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲವೂ ಸರಿ. ಮತ್ತೆ ಮತ್ತೆ ಬರುವ ಬೀಪ್ ಬಹುಮಟ್ಟಿಗೆ ರ‍್ಯಾಮ್ ಕಡೆಗೆ ಕೈ ತೋರಿಸುತ್ತದೆ. ಈ ಸಂಜ್ಞೆಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಯಂತ್ರದೊಂದಿಗೆ ಬಂದ ಕೈಪಿಡಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಮದರ್‌ಬೋರ್ಡಿನ ಮೇಲೆ ಬಿಲ್ಲೆಯಾಕಾರದ 3 ವೋಲ್ಟಿನ ಒಂದು ಸೆಲ್ಲು ಇರುತ್ತದೆ. ಅದರ ಮೇಲೆ ಸಿ.ಆರ್. 2032 ಎಂದು ಬರೆದಿರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಇದರ ಕೆಲಸ. ಹಳೆಯ ಯಂತ್ರಗಳಲ್ಲಿ ಬಯಾಸಿನ ಹೊಂದಾಣಿಕೆಗಳನ್ನು ಉಳಿಸುವುದೂ ಇದೇ. ಇದು ಸತ್ತರೆ ಪ್ರತಿದಿನ ಬೆಳಿಗ್ಗೆ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ, 'ಎಫ್-1 ಒತ್ತಿ' ಎಂಬ ಸೂಚನೆ ಬರುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆದುಕೊಳ್ಳುವುದಿಲ್ಲ. ಆಗ ಇಂಟರ್ನೆಟ್ ಕೆಟ್ಟಿದೆ ಎಂದು ಭಾವಿಸಿ ಪರದಾಡುವವರಿದ್ದಾರೆ. ಈ ಸೆಲ್ಲು ಗಡಿಯಾರದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಸೆಲ್ಲು ಬದಲಾಯಿಸುವ ಮೊದಲು ಬಯಾಸಿನ ಪುಟಗಳ ಚಿತ್ರ ತೆಗೆದುಕೊಂಡಿರುವುದು ಒಳ್ಳೆಯದು.

ಮೂರನೆಯ ಘಟ್ಟ: ಡಿಸ್ಕು ಸಿಗುತ್ತಿಲ್ಲ ಎಂಬ ಸೂಚನೆ

'ನೋ ಬೂಟಬಲ್ ಡಿವೈಸ್', 'ಬೂಟ್ ಡಿವೈಸ್ ನಾಟ್ ಫೌಂಡ್' ಮುಂತಾದ ಸೂಚನೆಗಳು ಕಪ್ಪು ಪರದೆಯ ಮೇಲೆ ಬಂದರೆ ಗಾಬರಿಯಾಗಬಾರದು. ಮೊದಲು ಪೆನ್ ಡ್ರೈವ್, ಕಾರ್ಡ್ ರೀಡರ್, ಸಿ.ಡಿ. ಇವನ್ನೆಲ್ಲ ತೆಗೆದು ಮತ್ತೆ ಚಾಲೂ ಮಾಡಿರಿ. ಯಂತ್ರ ಪೆನ್ ಡ್ರೈವಿನಲ್ಲಿ ವಿಂಡೋಸ್ ಹುಡುಕುತ್ತ ನಿಂತಿರುವ ಸಂಭವವಿದೆ.

ಆಗಲೂ ಬಾರದಿದ್ದರೆ ಸ್ವಿಚ್ಚು ಹಾಕಿದೊಡನೆ ಡಿಲೀಟ್, ಎಫ್-2 ಅಥವಾ ಎಫ್-10 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿ ಬಯಾಸ್ ಪ್ರವೇಶಿಸಿರಿ. ಯಾವ ಕೀಲಿ ಎಂಬುದು ಮೊದಲ ಪರದೆಯ ಕೆಳಗೆ ಬರೆದಿರುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ಎಂಬುದೇ ಮುಖ್ಯ. ಕಂಡರೆ ಬೂಟ್ ಕ್ರಮದಲ್ಲಿ ಅದು ಮೊದಲ ಸ್ಥಾನದಲ್ಲಿರಬೇಕು. ಕಾಣದಿದ್ದರೆ ಪ್ಲಗ್ಗು ಕಿತ್ತು, ಡಿಸ್ಕಿಗೆ ಹೋಗುವ ಎರಡು ಕೇಬಲುಗಳನ್ನು, ಅಂದರೆ ವಿದ್ಯುತ್ತಿನದು ಮತ್ತು ದತ್ತಾಂಶದ್ದು, ಕಿತ್ತು ಮರಳಿ ಕೂರಿಸಬೇಕು. ಇಲಿ ಕಡಿದ ಗುರುತಿದೆಯೇ ಎಂದು ಉದ್ದಕ್ಕೂ ನೋಡಬೇಕು. ಮೇಲೆ ಹೇಳಿದ ಸಂಘದಲ್ಲಿ ಈ ಎರಡು ನಿಮಿಷದ ಪರೀಕ್ಷೆ ನಡೆದಿದ್ದರೆ ಲೆಕ್ಕ ಉಳಿಯುತ್ತಿತ್ತು.

ಡಿಸ್ಕಿನಿಂದ 'ಟಿಕ್ ಟಿಕ್' ಎಂಬ ಶಬ್ದ ಒಂದೇ ಸಮನೆ ಬರುತ್ತಿದ್ದರೆ ಅದರ ಒಳಭಾಗ ಕೆಡುತ್ತಿದೆ. ಅಂತಹ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡುವುದು ಗಾಯದ ಎತ್ತನ್ನು ನೊಗಕ್ಕೆ ಕಟ್ಟಿದಂತೆ. ಕೂಡಲೇ ನಿಲ್ಲಿಸಿ, ಲೆಕ್ಕ ಹೊರತೆಗೆಯಬಲ್ಲ ತಂತ್ರಜ್ಞರಿಗೆ ಒಪ್ಪಿಸಬೇಕು.

ನಾಲ್ಕನೆಯ ಘಟ್ಟ: ವಿಂಡೋಸ್ ಅರ್ಧಕ್ಕೆ ನಿಲ್ಲುತ್ತದೆ

ಚುಕ್ಕೆಗಳು ಸುತ್ತುತ್ತಲೇ ಇರುವುದು, ನೀಲಿ ಪರದೆ ಬರುವುದು, ತಾನಾಗಿ ಮತ್ತೆ ಮತ್ತೆ ಚಾಲೂ ಆಗುವುದು ಇವು ಈ ಘಟ್ಟದ ಲಕ್ಷಣಗಳು. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗುವುದು ಹಳ್ಳಿಗಳಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ. ಅಪ್‌ಡೇಟಿನ ಶೇಕಡಾವಾರು ಪರದೆಯ ಮೇಲೆ ಏರುತ್ತಿದ್ದರೆ ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ ಎಂದು ತಿಳಿದು ತಾಳ್ಮೆಯಿಂದ ಕಾಯಬೇಕು.

ವಿಂಡೋಸ್ 10 ಮತ್ತು 11ರಲ್ಲಿ ಎರಡು ಮೂರು ಸಲ ಸತತವಾಗಿ ಚಾಲೂ ಆಗಲು ವಿಫಲವಾದರೆ ದುರಸ್ತಿಯ ಪರದೆ ತಾನಾಗಿಯೇ ಬರುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ಬಳಿಕ 'ಅಡ್ವಾನ್ಸ್‌ಡ್ ಆಪ್ಷನ್ಸ್' ಆರಿಸಿ ಈ ಕ್ರಮದಲ್ಲಿ ಮುಂದುವರಿಯಬೇಕು.

1. 'ಸ್ಟಾರ್ಟಪ್ ರಿಪೇರ್': ಚಾಲೂ ಆಗಲು ಬೇಕಾದ ಕಡತಗಳನ್ನು ತಾನೇ ಸರಿಪಡಿಸಲು ಯತ್ನಿಸುತ್ತದೆ.

2. 'ಸ್ಟಾರ್ಟಪ್ ಸೆಟಿಂಗ್ಸ್' ಮೂಲಕ ರಿಸ್ಟಾರ್ಟ್ ಮಾಡಿ 4 ಒತ್ತಿದರೆ 'ಸೇಫ್ ಮೋಡ್' ದೊರೆಯುತ್ತದೆ. ಇಲ್ಲಿ ವಿಂಡೋಸ್ ಅತ್ಯಗತ್ಯ ಭಾಗಗಳನ್ನು ಮಾತ್ರ ಇಟ್ಟುಕೊಂಡು ಏಳುತ್ತದೆ. ಎದ್ದರೆ ಮೊದಲು ಲೆಕ್ಕದ ಪ್ರತಿ ತೆಗೆದುಕೊಂಡು, ಬಳಿಕ ಇತ್ತೀಚೆಗೆ ಹಾಕಿದ ಕಾರ್ಯಕ್ರಮವನ್ನು ತೆಗೆದುಹಾಕಬೇಕು.

3. 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್': ಅಪ್‌ಡೇಟ್ ಆದ ಮರುದಿನ ನಿಂತಿದ್ದರೆ ಇದು ಉಪಯುಕ್ತ.

4. 'ಸಿಸ್ಟಂ ರಿಸ್ಟೋರ್': ಹಿಂದಿನ ಒಂದು ದಿನದ ಸ್ಥಿತಿಗೆ ವಿಂಡೋಸನ್ನು ಒಯ್ಯುತ್ತದೆ.

ಸೇಫ್ ಮೋಡ್ ಹಳ್ಳಿಯವರಿಗಷ್ಟೇ ಬೇಕಾದ ಉಪಾಯವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಯಲ್ಲಿ ನಿಂತುಬಿಟ್ಟವು. ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಹಲವೆಡೆ ಯಂತ್ರದ ಮುಂದೆ ಕುಳಿತು ಸೇಫ್ ಮೋಡಿನಲ್ಲಿ ಚಾಲೂ ಮಾಡಿ ಒಂದು ಕಡತವನ್ನು ಅಳಿಸಿದ ಮೇಲೆಯೇ ಅವು ಎದ್ದವು. ಈ ಉಪಾಯಕ್ಕೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರಬಹುದು. ಅದು ಕೆಲವೊಮ್ಮೆ ದುರಸ್ತಿಯ ಸಮಯದಲ್ಲಿ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಡಿಸ್ಕು ಚೆನ್ನಾಗಿದ್ದರೂ ಲೆಕ್ಕ ಕೈಗೆ ಸಿಗದು. ಯಂತ್ರ ಚೆನ್ನಾಗಿರುವಾಗಲೇ ಈ ಕೀಲಿಯನ್ನು ಬರೆದು ಸಂಘದ ತಿಜೋರಿಯಲ್ಲಿಡಬೇಕು.

ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ

ವಿಂಡೋಸ್ ಏಳದಿದ್ದ ಮಾತ್ರಕ್ಕೆ ಲೆಕ್ಕ ಹೋಯಿತೆಂದು ಅರ್ಥವಲ್ಲ. ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಅಥವಾ ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ, ಕಡತಗಳನ್ನು ಹೊರತೆಗೆಯಬಹುದು. ರಿಪೇರಿಯವರಿಗೆ ಮೂರು ಪ್ರಶ್ನೆ ಕೇಳಿರಿ. ಯಂತ್ರ ಯಾವ ಘಟ್ಟದಲ್ಲಿ ನಿಂತಿದೆ? ಕೇಬಲ್, ರ‍್ಯಾಮ್, ಡಿಸ್ಕು ಪರೀಕ್ಷೆಯಾಯಿತೇ? ಲೆಕ್ಕದ ಪ್ರತಿ ತೆಗೆದಿರಾ? ಮೂರನೆಯದಕ್ಕೆ 'ಹೌದು' ಎಂದರೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸುವಂತೆ ಹೇಳಿರಿ. 'ರಿಸೆಟ್' ಮಾಡುವಾಗ ನಿಮ್ಮ ಕಡತ ಉಳಿಸುತ್ತೇನೆಂದು ವಿಂಡೋಸ್ ಹೇಳಿದರೂ ಲೆಕ್ಕದ ಸಾಫ್ಟ್‌ವೇರ್ ತೆಗೆದುಹೋಗುತ್ತದೆ ಎಂಬುದನ್ನು ಮರೆಯಬಾರದು.

ಲಕ್ಷಣ ಮತ್ತು ಮೊದಲು ನೋಡಬೇಕಾದದ್ದು

ದೀಪ, ಫ್ಯಾನು ಎರಡೂ ಇಲ್ಲ: ಸಾಕೆಟ್ಟು, ಯು.ಪಿ.ಎಸ್., ವಯರು, ಹಿಂಭಾಗದ ಸ್ವಿಚ್ಚು.

ಫ್ಯಾನು ಇದೆ, ಪರದೆ ಕಪ್ಪು: ಪರದೆಯ ಕೇಬಲ್, ರ‍್ಯಾಮ್ ಪಟ್ಟಿ.

ದಿನಾಂಕ ಪ್ರತಿದಿನ ತಪ್ಪುತ್ತದೆ: ಬಿಲ್ಲೆ ಸೆಲ್ಲು.

ಡಿಸ್ಕು ಸಿಗುತ್ತಿಲ್ಲ ಎಂಬ ಸೂಚನೆ: ಪೆನ್ ಡ್ರೈವ್ ತೆಗೆಯಿರಿ, ಬಯಾಸ್, ಡಿಸ್ಕಿನ ಕೇಬಲ್.

ನೀಲಿ ಪರದೆ: ಹೊಸ ಅಪ್‌ಡೇಟ್, ಹೊಸ ಕಾರ್ಯಕ್ರಮ, ಸೇಫ್ ಮೋಡ್.

ಹತ್ತು ನಿಮಿಷ ನಡೆದು ಆರುತ್ತದೆ: ಪ್ರೊಸೆಸರ್ ಮೇಲಿನ ಫ್ಯಾನು, ಧೂಳು, ಕಾವು.

ಮುಂಜಾಗ್ರತೆ ಕ್ರಮಗಳು

ಆರು ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು ಒಳಗಿನ ಧೂಳನ್ನು ಬ್ಲೋವರಿನಿಂದ ಊದಿಸಬೇಕು. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಹಿಂಭಾಗದ ತೆರೆದ ಕಿಂಡಿಗಳಿಗೆ ತಗಡಿನ ಪಟ್ಟಿ ಮುಚ್ಚಿದರೆ ಇಲಿ, ಹಲ್ಲಿ ನುಗ್ಗುವುದಿಲ್ಲ. ಗಾಳಿಯಾಡುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಭೂ ಸಂಪರ್ಕ ಸರಿಯಿಲ್ಲ ಎಂದು ತಿಳಿದು ವೈರ್‌ಮನ್ ಅವರಿಂದ ಸರಿಪಡಿಸಿಕೊಳ್ಳಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಮಯದಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಹಾಗೂ ಇಂಟರ್ನೆಟ್ ವಯರು ಎರಡನ್ನೂ ಕೀಳಬೇಕು. ಲೇಸರ್ ಪ್ರಿಂಟರನ್ನು ಸಣ್ಣ ಯು.ಪಿ.ಎಸ್.ಗೆ ಜೋಡಿಸಬಾರದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸದಾಗಿ ವಿಂಡೋಸ್ ಹಾಕಿಸಬೇಕಾಗಿ ಬಂದಾಗ ಇದನ್ನೂ ಗಮನದಲ್ಲಿಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿದಿನ ಸಂಜೆ ಲೆಕ್ಕದ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದು ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ವಾರಕ್ಕೊಮ್ಮೆ ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿಡಬೇಕು. ಬಟವಾಡೆಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಕಡತಕ್ಕೆ ಸೇರಿಸಬೇಕು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.

ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಈ ನಾಲ್ಕು ಘಟ್ಟಗಳನ್ನು ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಬೇಕು. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಸದಸ್ಯರು ಬೆಳಗಿನ ಜಾವ ಎದ್ದು ಕರೆದು ತಂದು ಹಾಕಿದ ಹಾಲಿನ ಲೆಕ್ಕ ಕಳೆದರೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.